ಹಳೆಯ ಅಂಬಾಸಿಡರ್‌ಗೆ ಇಗ್ನಿಷನ್ ಬಿಡಿಭಾಗ ಹುಡುಕುವ ಬಗೆ

ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಅಂಗಡಿಯೊಂದಕ್ಕೆ ಹೋಗಿ ‘ಅಂಬಾಸಿಡರ್‌ಗೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬೇಕಿತ್ತು’ ಎಂದರೆ ಕೌಂಟರಿನ ಹಿಂದಿರುವ ಹಿರಿಯರು ಮೊದಲು ಕೇಳುವುದು, ‘ಸ್ಯಾಂಪಲ್ ತಂದಿದ್ದೀರಾ ಸರ್?’ ಎಂದು. (ಎಂಜಿನ್ನಿನ ಪ್ಲಗ್ಗುಗಳಿಗೆ ಕಿಡಿಯ ಕರೆಂಟನ್ನು ಸರದಿಯಂತೆ ಹಂಚುವ ಸಾಧನವೇ ಡಿಸ್ಟ್ರಿಬ್ಯೂಟರ್.) ಗಾಡಿಯ ಹೆಸರು ಹೇಳಿದ ಮೇಲೂ ಅವರು ಹೀಗೆ ಕೇಳುವುದಕ್ಕೆ ಸರಿಯಾದ ಕಾರಣವಿದೆ. 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ತಯಾರಾದ ಅಂಬಾಸಿಡರ್‌ಗಳೆಲ್ಲ ಹೊರಗಿನಿಂದ ಒಂದೇ ರೀತಿ ಕಂಡರೂ ಬಾನೆಟ್ಟಿನ ಕೆಳಗೆ ಒಂದೇ ಎಂಜಿನ್ ಇರಲಿಲ್ಲ. 1489 ಸಿಸಿಯ ಬಿ-ಸೀರೀಸ್ ಪೆಟ್ರೋಲ್ ಎಂಜಿನ್ ಬಹುಕಾಲ ನಡೆಯಿತು. ನಂತರ ಡೀಸೆಲ್ ಬಂತು. 1990ರ ದಶಕದಲ್ಲಿ 1.8 ಲೀಟರಿನ ಇಸುಜು ಪೆಟ್ರೋಲ್ ಎಂಜಿನ್ ಬಂತು. ಡೀಸೆಲ್ ಗಾಡಿಗೆ ಕಿಡಿ ಹಾರಿಸುವ ಪ್ಲಗ್ಗೂ ಇಲ್ಲ, ಕರೆಂಟನ್ನು ಕಡಿದು ಜೋಡಿಸುವ ಪಾಯಿಂಟೂ ಇಲ್ಲ. ಇಸುಜು ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ಬೇರೆಯೇ ಜಾತಿಯದು. ನಾನು ಇಲ್ಲಿ ಬರೆಯುತ್ತಿರುವುದು ಪಾಯಿಂಟ್, ಕಂಡೆನ್ಸರ್ ಇರುವ ಬಿ-ಸೀರೀಸ್ ಪೆಟ್ರೋಲ್ ಗಾಡಿಗಳ ಬಗ್ಗೆ ಮಾತ್ರ.

ನಮ್ಮ ತಂದೆಯವರು ಬಿಟ್ಟುಹೋದ ಮಾರ್ಕ್ 2 ಗಾಡಿಯನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡು ಬಂದ ಇಷ್ಟು ವರ್ಷಗಳಲ್ಲಿ ನಾನು ಕಲಿತ ಮುಖ್ಯ ಪಾಠವೆಂದರೆ, ಇಗ್ನಿಷನ್ ಸಾಮಾನನ್ನು ಗಾಡಿಯ ಹೆಸರು ಹೇಳಿ ಹುಡುಕಬಾರದು, ಆ ಸಾಮಾನಿನ ಮೈಮೇಲೆ ಕೊರೆದಿರುವ ಗುರುತನ್ನು ಓದಿ ಹುಡುಕಬೇಕು. ಗಾಡಿಯನ್ನು ತಯಾರಿಸಿದವರು ಡಿಸ್ಟ್ರಿಬ್ಯೂಟರನ್ನು ತಯಾರಿಸಲಿಲ್ಲ. ಅದನ್ನು ಲೂಕಾಸ್‌ನಂಥ ಬೇರೆ ಕಂಪನಿಗಳಿಂದ ತರಿಸಿಕೊಂಡರು. ಆ ಕಂಪನಿಗಳು ಅದೇ ಡಿಸ್ಟ್ರಿಬ್ಯೂಟರನ್ನು ಹತ್ತಾರು ಬಗೆಯ ಗಾಡಿಗಳಿಗೆ ಕೊಟ್ಟವು. ಇದು ಮನಸ್ಸಿಗೆ ಬಂದರೆ ‘ಈ ಗಾಡಿಗೆ ಈಗ ಸಾಮಾನು ಸಿಗುವುದಿಲ್ಲ’ ಎಂಬ ಮಾತು ಅರ್ಧದಷ್ಟು ಸುಳ್ಳಾಗುತ್ತದೆ.

ಮೊದಲು ಕೆಟ್ಟಿರುವುದು ಯಾವುದೆಂದು ಗೊತ್ತುಮಾಡಿಕೊಳ್ಳಿ

ಎಂಜಿನ್ ಮಿಸ್ ಹೊಡೆಯತೊಡಗಿದ ಕೂಡಲೇ ಕ್ಯಾಪಿನಿಂದ ಕಾಯಿಲ್‌ವರೆಗೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವ ರೂಢಿ ಅನೇಕ ಗ್ಯಾರೇಜುಗಳಲ್ಲಿದೆ. ಹೊಸ ಗಾಡಿಗೆ ಅದು ನಡೆದೀತು. ಹಳೆಯ ಗಾಡಿಯಲ್ಲಿ ಹೀಗೆ ಮಾಡಿದರೆ ಐವತ್ತು ವರ್ಷ ನಿಷ್ಠೆಯಿಂದ ದುಡಿದ ಒಳ್ಳೆಯ ಸಾಮಾನು ಗುಜರಿಗೆ ಹೋಗಿ, ಅದರ ಜಾಗದಲ್ಲಿ ಐದು ತಿಂಗಳೂ ಬಾಳದ ಸಾಮಾನು ಬಂದು ಕೂರುತ್ತದೆ. ಆದ್ದರಿಂದ ಪೇಟೆಗೆ ಹೊರಡುವ ಮೊದಲು ಒಂದು ಗಂಟೆ ಗಾಡಿಯ ಮುಂದೆ ನಿಲ್ಲುವುದು ಒಳ್ಳೆಯದು.

ಪಾಯಿಂಟ್ ಮುಚ್ಚಿಕೊಂಡಿರುವಾಗ ಕಾಯಿಲ್‌ನ ಪ್ರೈಮರಿ ಸುತ್ತಿನಲ್ಲಿ ಕರೆಂಟ್ ಹರಿಯುತ್ತದೆ. ಪಾಯಿಂಟ್ ತೆರೆದ ಕ್ಷಣ ಆ ಹರಿವು ತಟ್ಟನೆ ನಿಂತು ಸೆಕೆಂಡರಿ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದು ದಪ್ಪ ವೈರಿನ ಮೂಲಕ ಕ್ಯಾಪಿನ ನಡುವಿನ ಕಾರ್ಬನ್ನಿಗೆ, ಅಲ್ಲಿಂದ ಕ್ಯಾಪಿನೊಳಗೆ ತಿರುಗುವ ರೋಟರಿಗೆ, ರೋಟರಿನಿಂದ ಆಯಾ ಸಿಲಿಂಡರಿನ ಪ್ಲಗ್ಗಿಗೆ ತಲುಪುತ್ತದೆ. ಪಾಯಿಂಟ್ ತೆರೆಯುವಾಗ ಅದರ ಬಾಯಲ್ಲೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ತಡೆಯುವುದು ಕಂಡೆನ್ಸರಿನ ಕೆಲಸ. ಈ ಸರಪಳಿಯ ಪ್ರತಿ ಕೊಂಡಿಯೂ ತನ್ನದೇ ರೀತಿಯಲ್ಲಿ ಕೆಡುತ್ತದೆ. ಗಾಡಿ ಚೆನ್ನಾಗಿ ಕಾದ ಮೇಲೆ ನಿಂತು, ಅರ್ಧ ಗಂಟೆ ಆರಿದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆದರೆ ಕಾಯಿಲ್ ಅಥವಾ ಕಂಡೆನ್ಸರಿನ ಮೇಲೆ ಅನುಮಾನ ಪಡಿ. ಮಳೆಯಲ್ಲಿ, ಬೆಳಗಿನ ಮಂಜಿನಲ್ಲಿ ಮಾತ್ರ ತೊಂದರೆ ಕೊಟ್ಟರೆ ಕ್ಯಾಪ್ ಮತ್ತು ಪ್ಲಗ್ ವೈರುಗಳನ್ನು ನೋಡಿ; ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿದರೆ ಕರೆಂಟ್ ಸೋರುವ ಜಾಗದಲ್ಲಿ ನೀಲಿ ಎಳೆಗಳು ಕಣ್ಣಿಗೇ ಕಾಣುತ್ತವೆ. ಪಾಯಿಂಟಿನ ಒಂದು ಮುಖದಲ್ಲಿ ಗುಳಿ ಬಿದ್ದು ಇನ್ನೊಂದರಲ್ಲಿ ಮೊಳಕೆಯಂತೆ ಲೋಹ ಎದ್ದಿದ್ದರೆ ಪಾಯಿಂಟಿಗಿಂತ ಕಂಡೆನ್ಸರನ್ನು ಮೊದಲು ಬದಲಾಯಿಸಬೇಕು, ಇಲ್ಲದಿದ್ದರೆ ಹೊಸ ಪಾಯಿಂಟಿಗೂ ಅದೇ ಗತಿಯಾಗುತ್ತದೆ.

ಬಹಳ ಜನ ನೋಡದೆ ಬಿಡುವ ಜಾಗವೊಂದಿದೆ. ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟ್ ಕೂತಿರುವ ತಟ್ಟೆಯನ್ನು ಹೊರಗಿನ ಬಾಡಿಗೆ ಜೋಡಿಸುವ ಬೆರಳುದ್ದದ ಒಂದು ಅರ್ಥ್ ವೈರ್ ಇರುತ್ತದೆ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಆ ತಟ್ಟೆ ಹಿಂದೆ ಮುಂದೆ ಆಡುವುದರಿಂದ ವೈರ್ ಲಕ್ಷಾಂತರ ಸಲ ಬಾಗಿ, ಮೇಲಿನ ಹೊದಿಕೆ ಹಾಗೆಯೇ ಇರುವಾಗ ಒಳಗಿನ ತಂತಿ ಮಾತ್ರ ತುಂಡಾಗಿರುತ್ತದೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ರಬ್ಬರಿನಂತೆ ಉದ್ದವಾಗುತ್ತದೆ. ಇದಕ್ಕೆ ಸಾಮಾನ್ಯ ವೈರ್ ಹಾಕಿದರೆ ಕೆಲವೇ ವಾರಗಳಲ್ಲಿ ಮತ್ತೆ ಮುರಿಯುತ್ತದೆ. ಕೂದಲಿನಷ್ಟು ಸಣ್ಣ ಎಳೆಗಳ ಮೆತ್ತನೆಯ ವೈರನ್ನೇ ಹಾಕಬೇಕು.

ಸಾಮಾನಿನ ಮೈಮೇಲಿನ ಗುರುತು

ಡಿಸ್ಟ್ರಿಬ್ಯೂಟರಿನ ಹೊರಮೈಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡಲಾಗಿ ಉಜ್ಜಿ, ಬೆರಳಿನಿಂದ ಮೇಲಿನ ಪುಡಿಯನ್ನು ತೆಗೆದುಬಿಡಿ. ಕೊರೆದ ಅಕ್ಷರಗಳಲ್ಲಿ ಸುಣ್ಣ ಉಳಿದು ಗುರುತುಗಳು ಬೆಳ್ಳಗೆ ಎದ್ದು ಕಾಣುತ್ತವೆ. ಲೂಕಾಸ್ ಡಿಸ್ಟ್ರಿಬ್ಯೂಟರಿನಲ್ಲಿ ಡಿಎಂ2, 25ಡಿ4, 45ಡಿ4 ಎಂಬಂತೆ ಮಾದರಿಯ ಹೆಸರು, ಅದರ ಹತ್ತಿರ ಐದು ಅಂಕಿಗಳ ಭಾಗಸಂಖ್ಯೆ, ಪಕ್ಕದಲ್ಲಿ ತಯಾರಾದ ವಾರ ಮತ್ತು ವರ್ಷ ಇರುತ್ತವೆ. 12 68 ಎಂದಿದ್ದರೆ 1968ರ ಹನ್ನೆರಡನೆಯ ವಾರ ಎಂದರ್ಥ. ಮಾದರಿಯ ಹೆಸರಿನ ಕೊನೆಯಲ್ಲಿರುವ 4 ನಾಲ್ಕು ಸಿಲಿಂಡರ್‌ಗಳನ್ನು ಸೂಚಿಸುತ್ತದೆ. ಕ್ಯಾಪ್, ರೋಟರ್, ಪಾಯಿಂಟ್, ಕಂಡೆನ್ಸರ್‌ಗಳನ್ನು ಹುಡುಕುವುದಕ್ಕೆ ಮಾದರಿಯ ಹೆಸರು ಸಾಕು. ಪೂರ್ತಿ ಡಿಸ್ಟ್ರಿಬ್ಯೂಟರನ್ನೇ ಕೊಳ್ಳುವುದಾದರೆ ಐದು ಅಂಕಿಗಳ ಸಂಖ್ಯೆಯೂ ಹೊಂದಬೇಕು, ಏಕೆಂದರೆ ಒಂದೇ ಮಾದರಿಯ ಎರಡು ಡಿಸ್ಟ್ರಿಬ್ಯೂಟರುಗಳ ಒಳಗಿನ ಸ್ಪ್ರಿಂಗುಗಳು ಬೇರೆ ಬೇರೆಯಾಗಿದ್ದು ಕಿಡಿ ಹಾರುವ ಟೈಮಿಂಗ್ ಮುಂದಕ್ಕೆ ಸರಿಯುವ ರೀತಿಯೇ ಬೇರೆಯಾಗಿರಬಹುದು.

ಬದಿಯಲ್ಲಿ ತಟ್ಟೆಯಾಕಾರದಲ್ಲಿ ಇರುವ, ಎಂಜಿನ್ನಿನ ನಿರ್ವಾತದ ಎಳೆತದಿಂದ ಟೈಮಿಂಗ್ ಸರಿಸುವ ವ್ಯಾಕ್ಯೂಮ್ ಘಟಕದ ಮೇಲೂ ಮೂರು ಅಂಕಿಗಳು ಇರುತ್ತವೆ. ಉದಾಹರಣೆಗೆ 5-13-10 ಎಂದಿದ್ದರೆ, ಪಾದರಸದ 5 ಇಂಚಿನ ನಿರ್ವಾತದಲ್ಲಿ ಅದು ಎಳೆಯತೊಡಗುತ್ತದೆ, 13 ಇಂಚಿನಲ್ಲಿ ಪೂರ್ತಿ ಎಳೆಯುತ್ತದೆ, ಆಗ ಡಿಸ್ಟ್ರಿಬ್ಯೂಟರಿನ ಲೆಕ್ಕದಲ್ಲಿ 10 ಡಿಗ್ರಿ, ಅಂದರೆ ಕ್ರ್ಯಾಂಕಿನ ಲೆಕ್ಕದಲ್ಲಿ 20 ಡಿಗ್ರಿ ಮುಂದಕ್ಕೆ ಸರಿಸುತ್ತದೆ. ನೋಡಲು ಒಂದೇ ರೀತಿ ಇರುವ ಎರಡು ಘಟಕಗಳಲ್ಲಿ ಈ ಅಂಕಿಗಳು ಬೇರೆಯಾಗಿದ್ದರೆ ಅವು ಒಂದೇ ಸಾಮಾನಲ್ಲ. ಇವನ್ನೆಲ್ಲ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡರೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದನ್ನು ಮರೆಯಬೇಡಿ.

ಕಾಯಿಲ್‌ನ ವಿಷಯದಲ್ಲಿ ಹೆಸರಿಗಿಂತ ಅಳತೆ ಮುಖ್ಯ. ಎರಡು ಸಣ್ಣ ಟರ್ಮಿನಲ್‌ಗಳ ವೈರ್ ಕಳಚಿ ಮಲ್ಟಿಮೀಟರ್ ಇಟ್ಟರೆ ಹಳೆಯ 12 ವೋಲ್ಟ್ ಕಾಯಿಲ್ ಸುಮಾರು 3 ಓಮ್ ತೋರಿಸುತ್ತದೆ. ಕಾಯಿಲ್‌ಗೆ ಹೋಗುವ ಕರೆಂಟನ್ನು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರುವ ಗಾಡಿಗಳ ಕಾಯಿಲ್ ಸುಮಾರು 1.5 ಓಮ್ ತೋರಿಸುತ್ತದೆ. ಡಬ್ಬಿಯ ಮೇಲೆ 12 ವೋಲ್ಟ್ ವ್ಯವಸ್ಥೆಗೆ ಎಂದು ಬರೆದಿದೆಯೆಂದು ನಂಬಿ ಬ್ಯಾಲಸ್ಟ್ ಕಾಯಿಲನ್ನು ರೆಸಿಸ್ಟರ್ ಇಲ್ಲದ ಗಾಡಿಗೆ ಹಾಕಿದರೆ ಮೊದಮೊದಲು ಕಿಡಿ ಬಹಳ ಜೋರಾಗಿ ಬರುತ್ತದೆ, ಆಮೇಲೆ ಕಾಯಿಲ್ ಕೈಮುಟ್ಟಲಾಗದಷ್ಟು ಕಾದು ಪಾಯಿಂಟ್ ಸುಟ್ಟುಹೋಗುತ್ತದೆ. ಹಳೆಯ ಕಾಯಿಲ್‌ಗಳ ಮೇಲೆ ಧನ (+), ಋಣ (−) ಗುರುತಿನ ಬದಲು ಎಸ್‌ಡಬ್ಲ್ಯೂ ಮತ್ತು ಸಿಬಿ ಎಂಬ ಅಕ್ಷರಗಳಿರುತ್ತವೆ: ಮೊದಲನೆಯದು ಸ್ವಿಚ್ಚಿನ ಕಡೆ, ಎರಡನೆಯದು ಡಿಸ್ಟ್ರಿಬ್ಯೂಟರಿನ ಕಡೆ. ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಧನ ತುದಿಯನ್ನೇ ಗಾಡಿಯ ಲೋಹದ ಬಾಡಿಗೆ ಜೋಡಿಸಿ ಅರ್ಥ್ ಮಾಡಿರುವುದುಂಟು. ಅಂಥ ಗಾಡಿಗೆ ಈಗಿನ ಕಾಯಿಲ್ ಹಾಕುವಾಗ ಅದರ ಧನ ಟರ್ಮಿನಲ್ ಡಿಸ್ಟ್ರಿಬ್ಯೂಟರಿನ ಕಡೆಗೆ ಬರಬೇಕು.

ಇದೇ ಎಂಜಿನ್ನಿನ ಬಂಧುಗಳು

ಅಂಬಾಸಿಡರ್ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಗಾಡಿಯಿಂದ. ಅದರ ಬಿ-ಸೀರೀಸ್ ಎಂಜಿನ್ ಕುಟುಂಬ ಬ್ರಿಟನ್ನಿನಲ್ಲಿ ಆಸ್ಟಿನ್ ಕೇಂಬ್ರಿಜ್, ಎಂಜಿಎ, ಎಂಜಿಬಿ ಗಾಡಿಗಳಲ್ಲಿಯೂ ಇತ್ತು. 1962ರಲ್ಲಿ ಬಂದ ಎಂಜಿಬಿ ಸ್ಪೋರ್ಟ್ಸ್ ಕಾರಿಗೆ ಜಗತ್ತಿನಾದ್ಯಂತ ಇಂದಿಗೂ ಅಭಿಮಾನಿಗಳಿರುವುದರಿಂದ ಅದರ 25ಡಿ4 ಡಿಸ್ಟ್ರಿಬ್ಯೂಟರಿನ ಕ್ಯಾಪ್, ರೋಟರ್, ಪಾಯಿಂಟ್, ಕಂಡೆನ್ಸರ್, ಒಳಗಿನ ಸಣ್ಣ ವೈರುಗಳು ಸಹ ಇಂದಿಗೂ ತಯಾರಾಗುತ್ತಿವೆ. ಉತ್ತರಪಾರಾದ ಗಾಡಿಗೆ ಸಾಮಾನು ಇಲ್ಲ ಎಂದು ಕೈಚೆಲ್ಲಿ ಕುಳಿತವರಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರಿಲ್ಲ. ನಿಮ್ಮ ಡಿಸ್ಟ್ರಿಬ್ಯೂಟರಿನ ಮೇಲೆ 25ಡಿ4 ಎಂದಿದ್ದರೆ ಬ್ರಿಟನ್ನಿನ ಎಂಜಿಬಿ ಸಾಮಾನಿನ ವ್ಯಾಪಾರಿಗಳ ಪಟ್ಟಿಯನ್ನು ಧೈರ್ಯವಾಗಿ ತೆರೆಯಿರಿ. ಆದರೆ ಕ್ಯಾಪಿಗೆ ವೈರುಗಳು ಮೇಲಿನಿಂದ ಇಳಿಯುತ್ತವೆಯೋ ಬದಿಯಿಂದ ಸೇರುತ್ತವೆಯೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಬದಿಯಿಂದ ಸೇರುವ ಕ್ಯಾಪಿಗೆ ತಯಾರಾದ ವೈರ್ ಸೆಟ್ಟು ಇನ್ನೊಂದಕ್ಕೆ ಕೂರುವುದಿಲ್ಲ. ಅಲ್ಲಿಂದ ತರಿಸುವಾಗ ಅಂಚೆ ಖರ್ಚಿನ ಜೊತೆಗೆ ಕಸ್ಟಮ್ಸ್ ಸುಂಕವೂ ಸೇರುವುದರಿಂದ ಒಂದು ರೋಟರಿಗಾಗಿ ಪಾರ್ಸೆಲ್ ತರಿಸದೆ, ಗೆಳೆಯರಿಬ್ಬರು ಮೂವರು ಸೇರಿ ಒಟ್ಟಿಗೆ ತರಿಸುವುದು ಲಾಭ.

ಬೇರೆ ಗಾಡಿ ಇಟ್ಟುಕೊಂಡವರಿಗೂ ದಾರಿ ಇದೇ. ಪ್ರೀಮಿಯರ್ ಪದ್ಮಿನಿಯವರು ಫಿಯೆಟ್ 1100 ಡಿ ಹೆಸರಿನಲ್ಲಿ, ಸ್ಟ್ಯಾಂಡರ್ಡ್ ಹೆರಾಲ್ಡಿನವರು ಟ್ರಯಂಫ್ ಹೆರಾಲ್ಡ್ ಹೆಸರಿನಲ್ಲಿ, ಮಲೆನಾಡಿನ ಕಾಫಿ ತೋಟಗಳಲ್ಲಿ ಹಳೆಯ ಪೆಟ್ರೋಲ್ ಜೀಪ್ ಉಳಿಸಿಕೊಂಡವರು ವಿಲ್ಲಿಸ್ ಹೆಸರಿನಲ್ಲಿ ಹುಡುಕಬೇಕು. ಅಲ್ಲಿಯೂ ಕೊನೆಯ ಮಾತು ಡಿಸ್ಟ್ರಿಬ್ಯೂಟರಿನ ಮೈಮೇಲಿನ ಗುರುತಿನದೇ, ಏಕೆಂದರೆ ನಡುವೆ ಯಾರಾದರೂ ಬೇರೆ ಗಾಡಿಯದನ್ನು ತಂದು ಕೂರಿಸಿರುವ ಸಾಧ್ಯತೆ ಹಳೆಯ ಗಾಡಿಗಳಲ್ಲಿ ಯಾವಾಗಲೂ ಇರುತ್ತದೆ.

ಎಲ್ಲಿ ಕೇಳಬೇಕು

ಟೌನ್‌ಹಾಲ್‌ನಿಂದ ಮಿನರ್ವಾ ವೃತ್ತದವರೆಗಿನ ಜೆ.ಸಿ. ರಸ್ತೆ ಕನ್ನಡಿಗರಿಗೆ ಮೊದಲ ನಿಲ್ದಾಣ. ಮುಖ್ಯ ರಸ್ತೆಯ ಹೊಳೆಯುವ ಅಂಗಡಿಗಳಲ್ಲಿ ಈಗ ಸೀಟ್ ಕವರ್, ಸ್ಟೀರಿಯೋಗಳೇ ಹೆಚ್ಚು. ಹಳೆಯ ಸಾಮಾನಿಗೆ ಅಡ್ಡರಸ್ತೆಗಳ ಒಳಗೆ ಹೋಗಿ, ಗೋಡೆಯ ತುಂಬ ಸಣ್ಣ ಡ್ರಾಯರ್‌ಗಳಿರುವ, ವಯಸ್ಸಾದವರು ಕುಳಿತಿರುವ ಅಂಗಡಿಯನ್ನು ಹುಡುಕಬೇಕು. ಬೆಳಗ್ಗೆ ಅಂಗಡಿ ತೆರೆದ ಹೊತ್ತಿನಲ್ಲಿ ಅಥವಾ ಮಧ್ಯಾಹ್ನ ಗಿರಾಕಿಗಳು ಕಡಿಮೆ ಇರುವಾಗ ಹೋಗಿ, ಹಳೆಯ ಸಾಮಾನನ್ನು ಕೌಂಟರಿನ ಮೇಲಿಟ್ಟು, ಅವರಿಗೆ ನೋಡಲು ಸಮಯ ಕೊಡಿ. ‘ಇಲ್ಲ’ ಎಂದವರು ಐದು ನಿಮಿಷ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ಮೇಲೆ ಏಣಿ ಹತ್ತಿ ಮೇಲಿನ ಸಾಲಿನಿಂದ ಧೂಳು ಹಿಡಿದ ಡಬ್ಬಿ ಇಳಿಸಿಕೊಟ್ಟದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಬಿಚ್ಚಿದ ಗಾಡಿಗಳ ಸಾಮಾನಿಗೆ ಚೆನ್ನೈನ ಪುದುಪೇಟೆ, ಕೋಲ್ಕತ್ತಾದ ಮಲ್ಲಿಕ್ ಬಜಾರ್ ಹೆಸರಾದವು. ಗುಜರಿಯಲ್ಲಿ ಸಿಗುವ ಡಿಸ್ಟ್ರಿಬ್ಯೂಟರ್ ಹಾಗೆಯೇ ಹಾಕಲು ಬಾರದಿದ್ದರೂ ಅದರ ಕ್ಲಿಪ್ಪು, ಸ್ಪ್ರಿಂಗು, ತಟ್ಟೆಗಳಿಗಾಗಿಯೇ ಕೊಳ್ಳಬಹುದು.

ಜಿಲ್ಲಾ ಕೇಂದ್ರಗಳ ಹಳೆಯ ಅಂಗಡಿಗಳನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಬೆಂಗಳೂರಿನಲ್ಲಿ ಎಂದೋ ಖಾಲಿಯಾದ ಸಾಮಾನು ಟ್ಯಾಕ್ಸಿ ಸ್ಟ್ಯಾಂಡಿನ ಪಕ್ಕದ ಸಣ್ಣ ಅಂಗಡಿಯ ಅಟ್ಟದಲ್ಲಿ ಇನ್ನೂ ಇರುತ್ತದೆ.

ಹಳೆಯ ದಾಸ್ತಾನು, ಹೊಸ ತಯಾರಿಕೆ

ಹಳೆಯ ಡಬ್ಬಿ ಕಂಡರೆ ಸಂತೋಷವಾಗುವುದು ಸಹಜ. ಆದರೆ ಪ್ರತಿ ಹಳೆಯ ಡಬ್ಬಿಯಲ್ಲೂ ಒಳ್ಳೆಯ ಸಾಮಾನು ಇರುವುದಿಲ್ಲ, ಯಾಕೆಂದರೆ ಬಳಸದೆ ಇಟ್ಟರೂ ಕೆಲವು ವಸ್ತುಗಳು ಮುಪ್ಪಾಗುತ್ತವೆ. ಪ್ಲಗ್ ಪಿಂಗಾಣಿ ಮತ್ತು ಲೋಹದಿಂದ ಆದದ್ದು. ತುಕ್ಕು ಹಿಡಿಯದಿದ್ದರೆ, ಪಿಂಗಾಣಿ ಬಿರುಕುಬಿಡದಿದ್ದರೆ ಎಷ್ಟು ಹಳೆಯದಾದರೂ ಸರಿ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ 2008ರಲ್ಲಿ ಬಾಷ್ ಎಂಬ ಹೆಸರು ಪಡೆದ ಮೈಕೋ ಕಂಪನಿಯ ಹಳೆಯ ಪ್ಲಗ್ಗುಗಳು ಈಗಲೂ ಅಲ್ಲಲ್ಲಿ ಸಿಗುತ್ತವೆ, ಅವನ್ನು ಕೊಳ್ಳಲು ಹಿಂಜರಿಯಬೇಕಿಲ್ಲ. ಮರೆ, ಅಂದರೆ ತಿರುಪಿನ ಸುತ್ತು ಇರುವ ಭಾಗದ ಉದ್ದ ಮಾತ್ರ ನಿಮ್ಮ ಹಳೆಯ ಪ್ಲಗ್ಗಿನಷ್ಟೇ ಇರಬೇಕು: ಗಿಡ್ಡದಾದರೆ ಹೆಡ್ಡಿನ ಮರೆಗಳಲ್ಲಿ ಕಾರ್ಬನ್ ತುಂಬುತ್ತದೆ, ಉದ್ದವಾದರೆ ಪಿಸ್ಟನ್ನಿಗೆ ತಾಗುವ ಭಯವಿದೆ. ಹಳೆಯ ಬೇಕಲೈಟ್ ಕ್ಯಾಪನ್ನೂ ಬೆಳಕಿಗೆ ಹಿಡಿದು ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಇಲ್ಲವೆಂದು, ನಡುವಿನ ಕಾರ್ಬನ್ ಸ್ಪ್ರಿಂಗಿನ ಮೇಲೆ ಸರಾಗವಾಗಿ ಆಡುತ್ತದೆಯೆಂದು ನೋಡಿಕೊಂಡು ಕೊಳ್ಳಬಹುದು. ಪಾಯಿಂಟನ್ನೂ ಕೊಳ್ಳಬಹುದು, ಅದರ ಮುಖಕ್ಕೆ ಸವರಿದ ರಕ್ಷಣೆಯ ಎಣ್ಣೆಯನ್ನು ಪೆಟ್ರೋಲಿನಲ್ಲಿ ಒರೆಸದೆ ಹಾಕಿದರೆ ಗಾಡಿ ಸ್ಟಾರ್ಟ್ ಆಗುವುದೇ ಇಲ್ಲ.

ಕಂಡೆನ್ಸರ್ ಇದಕ್ಕೆ ತದ್ವಿರುದ್ಧ. ಅದರ ಒಳಗಿನ ಸುರುಳಿಗೆ ವರ್ಷಗಳು ಕಳೆದಂತೆ ತೇವ ಸೇರುತ್ತದೆ, ಆದ್ದರಿಂದ ನಲವತ್ತು ವರ್ಷದ ಕಂಡೆನ್ಸರನ್ನು ಯಾರು ಎಷ್ಟು ಪ್ರೀತಿಯಿಂದ ಕೊಟ್ಟರೂ ಅದನ್ನೊಂದೇ ನಂಬಿ ಹೊರಡಬೇಡಿ. ಹೊಸದನ್ನೇ ಎರಡು ಕೊಂಡು, ಮಲ್ಟಿಮೀಟರಿನಲ್ಲಿ 0.2 ಮೈಕ್ರೋಫ್ಯಾರಡ್ ಆಸುಪಾಸು ಇದೆಯೇ ಎಂದು ನೋಡಿ, ಒಂದನ್ನು ಹಾಕಿ ಇನ್ನೊಂದನ್ನು ಡ್ಯಾಶ್‌ಬೋರ್ಡಿನಲ್ಲಿಡಿ. ರಬ್ಬರ್ ಹೊದಿಕೆಯ ಹಳೆಯ ಪ್ಲಗ್ ವೈರನ್ನಂತೂ ಕೊಳ್ಳಲೇಬಾರದು. ವ್ಯಾಕ್ಯೂಮ್ ಘಟಕದ ಒಳಗೂ ರಬ್ಬರಿನ ಪೊರೆ ಇರುವುದರಿಂದ ಅಂಗಡಿಯಲ್ಲೇ ಪರೀಕ್ಷೆ ಮಾಡಬೇಕು: ಅದರ ನಳಿಗೆಗೆ ಸಣ್ಣ ಪೈಪು ಸಿಕ್ಕಿಸಿ ಬಾಯಿಂದ ಗಾಳಿ ಎಳೆದು ಪೈಪಿನ ತುದಿಯನ್ನು ನಾಲಿಗೆಯಿಂದ ಮುಚ್ಚಿ, ಒಳಗೆ ಸರಿದ ಕಡ್ಡಿ ಅಲ್ಲೇ ನಿಂತರೆ ಪೊರೆ ಗಟ್ಟಿ, ಹಿಂದಕ್ಕೆ ಜಾರಿದರೆ ತೂತು ಬಿದ್ದಿದೆ.

ಹೊಸ ತಯಾರಿಕೆಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ರೋಟರಿನ ವಿಷಯದಲ್ಲಿ. ಅಗ್ಗದ ರೋಟರುಗಳಲ್ಲಿ ಹಿತ್ತಾಳೆಯ ಪಟ್ಟಿಯನ್ನು ಒಂದು ರಿವೆಟ್ಟಿನಿಂದ ಬಡಿದಿರುತ್ತಾರೆ. ಆ ರಿವೆಟ್ಟಿನ ಕಾಲು ಕೆಳಗಿನ ಶಾಫ್ಟಿಗೆ ತೀರ ಹತ್ತಿರ ಬರುವುದರಿಂದ ಪ್ಲಗ್ಗಿಗೆ ಹೋಗಬೇಕಾದ ಕರೆಂಟ್ ಅಲ್ಲಿಂದಲೇ ಇಳಿದುಬಿಡುತ್ತದೆ. ಒಮ್ಮೆ ಹೊಸ ರೋಟರ್ ಹಾಕಿಕೊಂಡು ಮಂಗಳೂರಿಗೆ ಹೊರಟ ನಮ್ಮ ಗಾಡಿ ಸಕಲೇಶಪುರ ದಾಟಿದ ಮೇಲೆ ಮಳೆಯಲ್ಲಿ ಸದ್ದಿಲ್ಲದೆ ನಿಂತಿತು. ಪೆಟ್ರೋಲ್ ಬರುತ್ತಿತ್ತು, ಕಾಯಿಲ್‌ನಿಂದ ಕಿಡಿ ಬರುತ್ತಿತ್ತು, ಪ್ಲಗ್ಗಿನಲ್ಲಿ ಮಾತ್ರ ಏನೂ ಇರಲಿಲ್ಲ. ಹಿಂದಿನ ವಾರ ತೆಗೆದಿಟ್ಟ ಹಳೆಯ ರೋಟರನ್ನು ಒರೆಸಿ ಹಾಕಿದೆ. ಮೊದಲ ಸಲ ಸೆಲ್ಫ್ ಹೊಡೆದಾಗಲೇ ಎಂಜಿನ್ ಎದ್ದಿತು. ಹೊಸದರ ಹೊಟ್ಟೆಯಲ್ಲಿ, ರಿವೆಟ್ಟಿನ ಕೆಳಗೆ, ಸೂಜಿಮೊನೆಯಷ್ಟು ಸುಟ್ಟ ಚುಕ್ಕೆ ಇತ್ತು.

ಆದ್ದರಿಂದ ರಿವೆಟ್ ಇಲ್ಲದೆ ಎರಕ ಹೊಯ್ದ ರೋಟರನ್ನೇ ಕೇಳಿ ಪಡೆಯಿರಿ, ಹಾಕಿದ ದಿನವೇ ಪರೀಕ್ಷಿಸಿ. ಕ್ಯಾಪ್ ತೆಗೆದು, ರೋಟರ್ ಅದರ ಜಾಗದಲ್ಲೇ ಇರುವಾಗ, ಕಾಯಿಲ್‌ನ ದಪ್ಪ ವೈರಿನ ತುದಿಯನ್ನು ಪ್ಲಾಸ್ಟಿಕ್ ಹಿಡಿಯ ಇಕ್ಕಳದಿಂದ ಹಿಡಿದು ರೋಟರಿನ ಹಿತ್ತಾಳೆಯಿಂದ 3 ಮಿಲಿಮೀಟರ್ ದೂರದಲ್ಲಿಟ್ಟು, ಇಗ್ನಿಷನ್ ಆನ್ ಮಾಡಿ, ಒಣ ಮರದ ಕಡ್ಡಿಯಿಂದ ಪಾಯಿಂಟನ್ನು ತೆರೆದು ಮುಚ್ಚಿ. ಪ್ರತಿ ಸಲವೂ ಕಿಡಿ ರೋಟರಿಗೆ ಹಾರುತ್ತಿದ್ದರೆ ಕರೆಂಟ್ ಒಳಗಿನಿಂದ ಶಾಫ್ಟಿಗೆ ಇಳಿಯುತ್ತಿದೆ ಎಂದರ್ಥ, ಆ ರೋಟರ್ ಬೇಡ. ಬರಿಗೈಯಲ್ಲಿ ಇದನ್ನು ಮಾಡಬೇಡಿ. ಹೃದಯದ ಪೇಸ್‌ಮೇಕರ್ ಇರುವವರು ಹತ್ತಿರವೂ ನಿಲ್ಲಬಾರದು.

ಬದಲಾಯಿಸುವ ಬದಲು ದುರಸ್ತಿ

ಪಾಯಿಂಟ್ ಗ್ಯಾಪ್ ಎಷ್ಟು ಸಲ ಸೆಟ್ ಮಾಡಿದರೂ ನಿಲ್ಲದಿದ್ದರೆ ಶಾಫ್ಟನ್ನು ಹಿಡಿದು ಪಕ್ಕಕ್ಕೆ ಅಲುಗಿಸಿ ನೋಡಿ. ಕೈಗೆ ಗೊತ್ತಾಗುವಷ್ಟು ಆಡಿದರೆ ಶಾಫ್ಟ್ ಕೂರುವ ಬುಷ್ ಸವೆದಿದೆ; ಹೊಸ ಪಾಯಿಂಟಿಗೆ ಹಣ ಹಾಕುವುದು ವ್ಯರ್ಥ. ಇದಕ್ಕೆ ಪೂರ್ತಿ ಡಿಸ್ಟ್ರಿಬ್ಯೂಟರ್ ಹುಡುಕಬೇಕಾಗಿಲ್ಲ, ಒಳ್ಳೆಯ ಲೇತ್ ಕೆಲಸದವರೊಬ್ಬರು ಸಾಕು. ಎಣ್ಣೆ ಹೀರುವ ಕಂಚಿನ ಬುಷ್ ಹಾಕಿಸುವುದಾದರೆ ಕೂರಿಸುವ ಮೊದಲು ಒಂದು ಹಗಲು ರಾತ್ರಿ ಎಂಜಿನ್ ಆಯಿಲಿನಲ್ಲಿ ನೆನೆಸಿಡಬೇಕು. ಬಿಚ್ಚುವಾಗ ಕೆಳಗಿನ ಡ್ರೈವಿನ ಪಿನ್ ತೆಗೆಯುವ ಮೊದಲು ರೋಟರಿನ ದಿಕ್ಕಿಗೂ ಡ್ರೈವಿಗೂ ಇರುವ ಸಂಬಂಧವನ್ನು ಗುರುತು ಮಾಡಿಕೊಳ್ಳುವುದು ಬಹಳ ಅಗತ್ಯ. ಅರ್ಧ ಸುತ್ತು ತಪ್ಪಿ ಜೋಡಿಸಿದರೆ ಗಾಡಿ ಸ್ಟಾರ್ಟ್ ಆಗದೆ ಕಾರ್ಬುರೇಟರಿನಲ್ಲಿ ಸಿಡಿಯುತ್ತದೆ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕುವವರೂ ಇದ್ದಾರೆ. ಕೊಳ್ಳುವ ಮೊದಲು ನಿಮ್ಮ ಗಾಡಿಯ ಅರ್ಥ್ ಧನವೋ ಋಣವೋ, ಕಾಯಿಲ್ ಎಷ್ಟು ಓಮ್ ಎಂಬುದನ್ನು ಮಾರುವವರಿಗೆ ತಿಳಿಸಿ. ದಾರಿಯಲ್ಲಿ ಕಿಟ್ ಕೆಟ್ಟರೆ ಹಳ್ಳಿಯ ಮೆಕ್ಯಾನಿಕ್ ಏನೂ ಮಾಡಲಾರರು ಎಂಬ ಕಾರಣಕ್ಕೆ ನಾನು ಪಾಯಿಂಟನ್ನೇ ಉಳಿಸಿಕೊಂಡಿದ್ದೇನೆ.

ತಂದ ಸಾಮಾನನ್ನು ಹಾಕುವಾಗ ಒಂದೊಂದನ್ನೇ ಹಾಕಿ, ಪ್ರತಿಯೊಂದರ ನಂತರ ಎಂಜಿನ್ ಓಡಿಸಿ ನೋಡಿ. ಎಲ್ಲವನ್ನೂ ಒಟ್ಟಿಗೆ ಹಾಕಿದ ಮೇಲೆ ತೊಂದರೆ ಬಂದರೆ ಕಾರಣ ಹಿಡಿಯುವುದು ಕಷ್ಟ. ಪಾಯಿಂಟ್ ಗ್ಯಾಪ್ 0.014ರಿಂದ 0.016 ಇಂಚು, ಪ್ಲಗ್ ಗ್ಯಾಪ್ 0.025 ಇಂಚು, ಸಿಲಿಂಡರ್ ಸಂಖ್ಯೆಯ ಪ್ರಕಾರ ವೈರುಗಳ ಕ್ರಮ 1-3-4-2, ರೋಟರ್ ತಿರುಗುವುದು ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ. ಪಾಯಿಂಟಿನ ಫೈಬರ್ ಹಿಮ್ಮಡಿ ತಾಗುವ ಕ್ಯಾಮಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಸವರಿ. ಹೆಚ್ಚಾದರೆ ಅದು ಹಾರಿ ಪಾಯಿಂಟಿನ ಮುಖಕ್ಕೇ ಅಂಟುತ್ತದೆ. ಹೊಸ ಹಿಮ್ಮಡಿ ಮೊದಲ ದಿನಗಳಲ್ಲಿ ಬೇಗ ಸವೆದು ಗ್ಯಾಪ್ ಕಿರಿದಾಗುವುದರಿಂದ 500 ಕಿಲೋಮೀಟರ್ ಓಡಿದ ಮೇಲೆ ಫೀಲರ್ ಗೇಜ್ ಹಾಕಿ ಮತ್ತೊಮ್ಮೆ ಸೆಟ್ ಮಾಡಿ, ಆ ದಿನದ ತಾರೀಖು, ಕಿಲೋಮೀಟರ್, ಹಾಕಿದ ಸಾಮಾನಿನ ಸಂಖ್ಯೆ, ಅದನ್ನು ಕೊಟ್ಟ ಅಂಗಡಿ ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ತೆಗೆದ ಹಳೆಯ ಸಾಮಾನನ್ನು ಕಾಗದದಲ್ಲಿ ಸುತ್ತಿ ಗಾಡಿಯಲ್ಲೇ ಇಡಿ.